ಮೂಳೆ ಕರಗಿಸುವ ರಕ್ತದ ಕೋಶ

ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ಮೂಳೆಯ ಕಾಯಿಲೆ ಎಂದರೆ ಹಂದಿಗೋಡು ಎಂಬ ಹಳ್ಳಿಯ ಹೆಸರು ಬಂದೇ ಬರುತ್ತದೆ. ಎಪ್ಪತ್ತರ ದಶಕದಲ್ಲಿ ಬೆಳಕಿಗೆ ಬಂದ, ಸೊಂಟ, ಮಂಡಿಯ ಕೀಲು ಸವೆಸುವ ಆ ಆನುವಂಶಿಕ ಕಾಯಿಲೆ ಮೂಳೆ ಬೆಳೆಯುವಾಗಲೇ ಆಗುವ ತೊಡಕು. ಇಲ್ಲಿ ಹೇಳಹೊರಟಿರುವುದು ಬೆಳೆದು ನಿಂತ ಮೂಳೆಯನ್ನು ದಿನವೂ ಕರಗಿಸುವ ಕೋಶದ ಕತೆ.

ಮಳೆಗೆ ಮುಂಚೆ ನಮ್ಮಲ್ಲಿ ಹೆಂಚು ಕೈಯಾಡಿಸುತ್ತಾರಲ್ಲ, ಮೂಳೆಯಲ್ಲಿ ಆ ಕೆಲಸ ವರ್ಷವಿಡೀ ನಡೆಯುತ್ತದೆ. ವಯಸ್ಕರ ಅಸ್ಥಿಪಂಜರದಲ್ಲಿ ಸುಮಾರು ಶೇ 10ರಷ್ಟು ಪ್ರತಿವರ್ಷ ಹೊಸದಾಗುತ್ತದೆ. ಹಳೆಯದನ್ನು ತೆಗೆಯುವುದು ಆಸ್ಟಿಯೋಕ್ಲಾಸ್ಟ್. ಆಮ್ಲದಿಂದ ಖನಿಜ ಕರಗಿಸಿ, ಕಿಣ್ವದಿಂದ ಮೂಳೆಯ ನಾರಿನಂಥ ಪ್ರೋಟೀನಾದ ಕೊಲಾಜೆನ್ ಕತ್ತರಿಸುತ್ತದೆ. ಸೋಜಿಗವೆಂದರೆ ಇದು ಮೂಳೆಯ ಮನೆತನದ್ದೇ ಅಲ್ಲ, ರೋಗಾಣು ನುಂಗುವ ಮ್ಯಾಕ್ರೋಫೇಜ್‌ನ ದಾಯಾದಿ. ಮೊನೊಸೈಟ್ ಎಂಬ ಬಿಳಿ ರಕ್ತಕೋಶದ ವಂಶದವು ಒಂದಕ್ಕೊಂದು ಬೆಸೆದು, ಹಲವು ನ್ಯೂಕ್ಲಿಯಸ್‌ಗಳಿರುವ ಈ ದೈತ್ಯಕೋಶವಾಗುತ್ತವೆ.

ಬೆಸೆಯದಂತೆ ತಡೆಯುವುದು ಐಆರ್‌ಎಫ್8. ಡಿಎನ್‌ಎ ಮೇಲೆ ಕೂತು ಯಾವ ಜೀನ್ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂದು ನಿರ್ಧರಿಸುವ ಪ್ರೋಟೀನು. ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಎನ್ನುವುದು ಇಂಥದ್ದನ್ನೇ. ಅಸ್ಥಿಮಜ್ಜೆಯಲ್ಲಿ ಮೊನೊಸೈಟ್ ಮತ್ತು ರೋಗಾಣುವಿನ ಗುರುತನ್ನು ಇತರ ಕೋಶಗಳಿಗೆ ತೋರಿಸುವ ಡೆಂಡ್ರಿಟಿಕ್ ಕೋಶಗಳು ರೂಪುಗೊಳ್ಳಲು ಇದು ಬೇಕು. ಆಸ್ಟಿಯೋಕ್ಲಾಸ್ಟ್ ಆಗಲು ಅನಿವಾರ್ಯವಾದ ಎನ್‌ಎಫ್‌ಎಟಿಸಿ1 ಎಂಬ ಇನ್ನೊಂದು ಫ್ಯಾಕ್ಟರನ್ನು ಅದುಮಿಡುವುದೂ ಇದೇ. ಮೂಳೆಯಿಂದ ರ‍್ಯಾಂಕ್‌ಎಲ್ ಎಂಬ ಸಂಕೇತ ಬಂದಾಗ ಐಆರ್‌ಎಫ್8 ಇಳಿಯುತ್ತದೆ, ಎನ್‌ಎಫ್‌ಎಟಿಸಿ1 ಏಳುತ್ತದೆ.

ಐಆರ್‌ಎಫ್8 ಇಲ್ಲದ ಇಲಿಗಳ ಮೂಳೆ ತೀರಾ ಟೊಳ್ಳಾಗಿದ್ದು 2009ರಲ್ಲಿ ವರದಿಯಾಯಿತು. ಮನುಷ್ಯರಲ್ಲಿ ಕಂಡಿದ್ದು ಇನ್ನೂ ವಿಚಿತ್ರ. 2011ರಲ್ಲಿ ವಿವರಿಸಿದ ಒಂದು ಮಗುವಿಗೆ ಐಆರ್‌ಎಫ್8 ತಯಾರಿಸುವ ಜೀನಿನ ಎರಡೂ ಪ್ರತಿಗಳು ಕೆಟ್ಟಿದ್ದವು. ಬಿಸಿಜಿ ಲಸಿಕೆಯ ದುರ್ಬಲ ಬ್ಯಾಕ್ಟೀರಿಯವೇ ಮೈಯೆಲ್ಲ ಹರಡಿತ್ತು. ಅದೇ ಜೀನಿನ ಬೇರೊಂದು ಮ್ಯುಟೇಶನ್ ಇದ್ದ ಕುಟುಂಬದಲ್ಲಿ ಹಲ್ಲಿನ ಬೇರುಗಳೇ ಕರಗುತ್ತಿದ್ದವು. ಒಂದೇ ಪ್ರೋಟೀನು, ಒಂದು ಕಡೆ ಸೋಂಕು, ಇನ್ನೊಂದು ಕಡೆ ಹಲ್ಲು! ರುಮಟಾಯ್ಡ್ ಸಂಧಿವಾತದಲ್ಲಿ ಕೀಲಿನ ಉರಿಯೂತ ಮೂಳೆಯನ್ನೂ ತಿನ್ನುವುದು ಈ ನಂಟಿನಿಂದಲೇ: ಕೆರಳಿದ ರೋಗನಿರೋಧಕ ಕೋಶಗಳೂ ರ‍್ಯಾಂಕ್‌ಎಲ್ ಕಳಿಸುತ್ತವೆ.

ಹಾಗಿದ್ದರೆ ಐಆರ್‌ಎಫ್8 ಏರಿಸುವ ಮಾತ್ರೆ ಮಾಡಬಾರದೇಕೆ? ರಕ್ತಕೋಶಗಳ ಹುಟ್ಟಿಗೂ ಅದೇ ಬೇಕಾದ್ದರಿಂದ ಅದನ್ನು ಮುಟ್ಟುವುದು ಸುಲಭವಲ್ಲ. ಬಳಕೆಗೆ ಬಂದಿರುವುದು ರ‍್ಯಾಂಕ್‌ಎಲ್ ತಡೆಯುವ ಡೆನೊಸುಮ್ಯಾಬ್. ಮೂಳೆ ಸವೆತವಿರುವ ಹಿರಿಯರಿಗೆ 6 ತಿಂಗಳಿಗೊಮ್ಮೆ ಕೊಡುವ ಈ ಚುಚ್ಚುಮದ್ದನ್ನು ಏಕಾಏಕಿ ಬಿಟ್ಟರೆ ಆಸ್ಟಿಯೋಕ್ಲಾಸ್ಟ್‌ಗಳು ಒಮ್ಮೆಲೇ ಹೆಚ್ಚಿ, ಬೆನ್ನುಮೂಳೆ ಮುರಿಯುವ ಅಪಾಯವಿದೆ. ಶಿವಮೊಗ್ಗಕ್ಕೆ ಹೋದಾಗ ಹಾಕಿಸಿದರಾಯಿತು ಎಂದು ಮುಂದೂಡುವಂಥದ್ದಲ್ಲ.