ಮುರುಗಲ ಕೆಂಪಿಗೆ ಸೋಪು ತಾಗಿದಾಗ

ಹೋದ ಡಿಸೆಂಬರ್‌ 24ರ ಸಂಜೆ. ತೀರ್ಥಹಳ್ಳಿಯ ನಮ್ಮ ಪಕ್ಕದ ಮನೆ ಟೀಚರ್ ಜಗಲಿಯಲ್ಲಿ ಕ್ರಿಸ್ಮಸ್ಸಿನ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ, ಕಟ್ಟುತ್ತಿದ್ದರು. ಅಡಿಕೆ ಹಾಳೆಯ ಮಾಡು, ಕೆಳಗೆ ಒಣಹುಲ್ಲು, ಪಕ್ಕದಲ್ಲಿ ತಟ್ಟೆ ತುಂಬ ಕುಸ್ವಾರು ಎಂಬ ಕ್ರಿಸ್ಮಸ್ ತಿಂಡಿಗಳು. ನನ್ನ ಕೈಗೊಂದು ಲೋಟ ಮುರುಗಲ ಶರಬತ್ತು ಕೊಟ್ಟರು. ಮಾತಿನ ಭರದಲ್ಲಿ ಅರ್ಧ ಲೋಟ ಅವರ ಬಿಳಿ ಮೇಜುಬಟ್ಟೆಯ ಮೇಲೆ ಚೆಲ್ಲಿದೆ.

ಗಾಬರಿಯಲ್ಲಿ ಬಟ್ಟೆ ಸೋಪು ತಂದು ತಿಕ್ಕಿದೆ. ಕೆಂಪು ಹೋಗುವುದಿರಲಿ, ನೋಡನೋಡುತ್ತಲೇ ಕಲೆ ಮಸಿಯಂಥ ನೀಲಿಗೆ ತಿರುಗಿತು. "ತಿಕ್ಕಬೇಡಿ ಮಾರಾಯ್ರೇ, ಲಿಂಬೆಹಣ್ಣು ತನ್ನಿ" ಅಂದರು ಟೀಚರ್. ನಾಲ್ಕು ಹನಿ ಹಿಂಡಿದರು. ಮತ್ತೆ ಕೆಂಪು! ಆಮೇಲೆ ಬರೀ ನೀರಲ್ಲಿ ಜಾಲಿಸಿದರು. ಕಲೆ ಮುಕ್ಕಾಲು ಪಾಲು ಹೋಯಿತು.

ಸಹ್ಯಾದ್ರಿಯ ಕಾಡಲ್ಲಿ ಬೆಳೆಯುವ ಮುರುಗಲನ್ನು ಕರಾವಳಿಯವರು ಪುನರ್ಪುಳಿ ಅನ್ನುತ್ತಾರೆ. ಹಣ್ಣು ಬೇಸಿಗೆಯದು. ಸಿಪ್ಪೆ ಒಣಗಿಸಿ ಭರಣಿಯಲ್ಲಿಟ್ಟರೆ ಕ್ರಿಸ್ಮಸ್ ತನಕ ಧಾರಾಳವಾಗಿ ಬರುತ್ತದೆ. ಸಿಪ್ಪೆಯ ಕೆಂಪಿಗೆ ಕಾರಣ ಆಂಥೋಸಯನಿನ್ ಎಂಬ ಬಣ್ಣ. ನೇರಳೆ ಹಣ್ಣಲ್ಲಿ, ಕೆಂಪು ಗುಲಾಬಿಯಲ್ಲಿ ಇರುವುದೂ ಇದೇ ಬಳಗ. ಈ ಬಣ್ಣದ ಅಣುವಿಗೆ ಹುಳಿ ಕಂಡರೆ ಒಂದು ರೂಪ, ಸೋಡಾ ಕಂಡರೆ ಇನ್ನೊಂದು. ಹುಳಿ ಜಾಸ್ತಿ ಇದ್ದಾಗ, ಅಂದರೆ ಹುಳಿ-ಕ್ಷಾರದ ಅಳತೆಯಾದ ಪಿಎಚ್ 3ಕ್ಕಿಂತ ಕೆಳಗಿದ್ದಾಗ, ಅಣುವಿಗೆ ಒಂದು ಧನ ವಿದ್ಯುದಂಶ ಅಂಟಿಕೊಂಡಿರುತ್ತದೆ. ಆಗ ಅದು ಕೆಂಪು. ಸೋಪು, ಸೋಡಾದಂಥ ಕ್ಷಾರ ಸೇರಿದರೆ ಆ ವಿದ್ಯುದಂಶ ಕಳಚಿ ಅಣು ಬೇರೆ ಬಣ್ಣದ ಬೆಳಕನ್ನು ಹೀರಲು ಶುರುಮಾಡುತ್ತದೆ. ನಮ್ಮ ಕಣ್ಣಿಗೆ ನೀಲಿ ಉಳಿಯುತ್ತದೆ.

ಇದು ಹಳೇ ತಮಾಷೆ. 1664ರಲ್ಲೇ ವಿಜ್ಞಾನಿ ರಾಬರ್ಟ್ ಬಾಯ್ಲ್ ನೇರಳೆ ಬಣ್ಣದ ವಯೊಲೆಟ್ ಹೂವಿನ ಪಾಕಕ್ಕೆ ಹುಳಿ, ಕ್ಷಾರ ಹಾಕಿ ಬಣ್ಣ ಬದಲಾಗುವುದನ್ನು ಬರೆದಿಟ್ಟಿದ್ದ. ಗಿಡಗಳ ಬಣ್ಣದ ಅಧ್ಯಯನಕ್ಕಾಗಿ 1915ರ ನೊಬೆಲ್ ಪಡೆದ ರಿಚರ್ಡ್ ವಿಲ್‌ಸ್ಟೇಟರ್, ಕೆಂಪು ಗುಲಾಬಿ ಮತ್ತು ಕಾರ್ನ್‌ಫ್ಲವರ್ ಎಂಬ ನೀಲಿ ಹೂವು ಎರಡರಲ್ಲೂ ಇರುವುದು ಒಂದೇ ಬಣ್ಣ ಎಂದು ತೋರಿಸಿದ. ವ್ಯತ್ಯಾಸಕ್ಕೆ ಹುಳಿ-ಕ್ಷಾರವೇ ಕಾರಣ ಅಂದುಕೊಂಡ. ಅಲ್ಲಿ ಮಾತ್ರ ಎಡವಿದ. ಆ ಹೂವಿನ ನೀಲಿಗೆ ಬಣ್ಣದ ಜೊತೆ ಸೇರಿಕೊಂಡ ಲೋಹದ ಅಂಶ ಕಾರಣ ಎಂದು ಆಮೇಲೆ ತಿಳಿಯಿತು. ನಮ್ಮ ಮೇಜುಬಟ್ಟೆಗಾದರೆ ಅವನ ಉತ್ತರವೇ ಸರಿ!

ಮಾರನೇ ದಿನ ಮಕ್ಕಳನ್ನು ಕೂರಿಸಿಕೊಂಡು ಇದರಲ್ಲೇ ನಕ್ಷತ್ರ ಮಾಡಿದೆವು. ಒಂದು ಹಿಡಿ ಸಿಪ್ಪೆಯನ್ನು ಸ್ವಲ್ಪವೇ ನೀರಲ್ಲಿ ರಾತ್ರಿಯಿಡೀ ನೆನೆಸಿಟ್ಟಿದ್ದೆ. ದಪ್ಪ ಕಾಗದದ ನಕ್ಷತ್ರಗಳಿಗೆ ಆ ಗಟ್ಟಿ ರಸ ಬಳಿದು ಒಣಗಿಸಿದೆವು. ಚಮಚ ನೀರಿಗೆ ಚಿಟಿಕೆ ಅಡುಗೆ ಸೋಡಾ ಕದಡಿ, ಹತ್ತಿ ಸುತ್ತಿದ ಕಡ್ಡಿಯಿಂದ ಗೆರೆ ಎಳೆದರೆ ಕೆಂಪಿನ ಮೇಲೆ ಬೂದು-ನೀಲಿ ಚಿತ್ತಾರ ಏಳುತ್ತದೆ. ತಪ್ಪಿದರೆ ಅಳಿಸಲು ಲಿಂಬೆರಸ. ಒಬ್ಬ ಹುಡುಗ ಬಟ್ಟೆ ಒಗೆಯುವ ಸೋಡಾವನ್ನೇ ತಂದ. ಅದರ ಕ್ಷಾರ ಜೋರು. ಗೆರೆ ಮೊದಲು ಹಸಿರು, ಆಮೇಲೆ ಹಳದಿಯಾಯಿತು. ಹಳದಿಯಾದ ಮೇಲೆ ಲಿಂಬೆ ಹಿಂಡಿದರೂ ಕೆಂಪು ಸರಿಯಾಗಿ ಮರಳಲಿಲ್ಲ. ಅಷ್ಟರಲ್ಲಿ ಅಣುವಿನ ಒಂದು ಉಂಗುರವೇ ಬಿಚ್ಚಿಕೊಂಡಿರುತ್ತದೆ.

ಕಾಗದ ಯಾವುದು ಅನ್ನುವುದೂ ಮುಖ್ಯ. ಜೆರಾಕ್ಸ್ ಹಾಳೆಗೆ ತೆಳುವಾಗಿ ಬಳಿದರೆ ಕೆಂಪು ಸುಮ್ನೆ ಮಂಕಾಗುತ್ತದೆ. ಈಗಿನ ಬಿಳಿ ಕಾಗದಗಳಲ್ಲಿ ಸಾಮಾನ್ಯವಾಗಿ ಸೀಮೆಸುಣ್ಣದ ಪುಡಿಯಂಥ ಕ್ಯಾಲ್ಸಿಯಂ ಕಾರ್ಬೊನೇಟ್ ಇರುತ್ತದೆ, ಅದು ಹುಳಿಯನ್ನು ತಿಂದುಹಾಕುತ್ತದೆ. ನಮ್ಮ ಕಡೆ ಹಾಳೆ ಅಂದರೆ ಇನ್ನೊಂದೂ ಇದೆಯಲ್ಲ? ಅಡಿಕೆ ಹಾಳೆಯ ಒಳಮೈಗೆ ಬಳಿದು ನೋಡಿದೆವು. ಅಲ್ಲಿ ಸುಣ್ಣದ ಕಾಟ ಇಲ್ಲ. ಬಣ್ಣ ಇಟ್ಟಿಗೆಯ ಹಾಗೆ ಬಂತು, ಗೋದಲಿಯ ಮಾಡಿಗೆ ಹೇಳಿಮಾಡಿಸಿದಂತಿತ್ತು.

ಇನ್ನು ಕುಡಿಯುವ ವಿಷಯ. ಚಳಿಗೆ ತಣ್ಣನೆ ಶರಬತ್ತು ಯಾಕೆ ಅನ್ನುವವರಿಗೆ ಟೀಚರ್ ಬಿಸಿಯದ್ದನ್ನೂ ಮಾಡುತ್ತಾರೆ. ಜಜ್ಜಿದ ಶುಂಠಿ, ನಾಲ್ಕು ಕಾಳುಮೆಣಸು, ಒಂದು ಏಲಕ್ಕಿ ನೀರಲ್ಲಿ ಕುದಿಸಿ, ಒಲೆ ಆರಿಸಿದ ಮೇಲೆ ಮುರುಗಲ ಸಿಪ್ಪೆ ಹಾಕಿ ಮುಚ್ಚಿಡುವುದು. ಸಿಪ್ಪೆಯನ್ನು ಕುದಿಸಬಾರದು, ಜಾಸ್ತಿ ಬಿಸಿಗೆ ಆಂಥೋಸಯನಿನ್ ಒಡೆಯುತ್ತದೆ. ಸಿಹಿಗೆ ಸಕ್ಕರೆಯೇ ಆಗಬೇಕು. ರುಚಿಗೆ ನನ್ನ ಮತ ಬೆಲ್ಲಕ್ಕೆ, ಆದರೆ ಅದರ ಕಂದು ಸೇರಿ ಕೆಂಪು ಕೆಡುತ್ತದೆ.

ಅದು ಉಗುರು ಬೆಚ್ಚಗೆ ಆರಿದ ಮೇಲೂ ಗಂಟಲಲ್ಲಿ ಬಿಸಿ ಅನ್ನಿಸುತ್ತದೆ, ಅಲ್ವಾ? ಬಾಯಿಯ ನರಗಳಲ್ಲಿ ಟಿಆರ್‌ಪಿವಿ1 ಎಂಬ ಪುಟ್ಟ ಬಾಗಿಲುಗಳಿವೆ. ಸುಮಾರು 43 ಡಿಗ್ರಿ ದಾಟಿದರೆ ತೆರೆದು 'ಸುಡುತ್ತಿದೆ' ಎಂದು ಮಿದುಳಿಗೆ ಸುದ್ದಿ ಕಳಿಸುತ್ತವೆ. ಮೆಣಸಿನ ಪೈಪರಿನ್, ಶುಂಠಿಯ ಜಿಂಜರಾಲ್ ಅದೇ ಬಾಗಿಲನ್ನು ಬಿಸಿಯಿಲ್ಲದೆಯೂ ತೆರೆಯುತ್ತವೆ. ಈ ಬಾಗಿಲನ್ನು 1997ರಲ್ಲಿ ಪತ್ತೆಮಾಡಿದ ಡೇವಿಡ್ ಜೂಲಿಯಸ್‌ಗೆ 2021ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು.

ಮುರುಗಲ ಬೀಜದ ತುಪ್ಪವನ್ನೂ ಬಿಡಬಾರದು. ಚಳಿಗೆ ಒಡೆದ ಹಿಮ್ಮಡಿಗೆ ಮಲೆನಾಡಲ್ಲಿ ಹಚ್ಚುವುದು ಅದನ್ನೇ. ಡಿಸೆಂಬರಲ್ಲಿ ಕಲ್ಲಿನಷ್ಟು ಗಟ್ಟಿ, ಕರಗುವುದು 40 ಡಿಗ್ರಿಯ ಆಸುಪಾಸು. ಟೀಚರ್ ಅದನ್ನು ಕರಗಿಸಿ, ಬತ್ತಿ ಇಟ್ಟ ತೆಂಗಿನ ಚಿಪ್ಪಿಗೆ ಹೊಯ್ದು ಗೋದಲಿಯಿಂದ ಸ್ವಲ್ಪ ದೂರ ಇಟ್ಟಿದ್ದರು. ಒಣಹುಲ್ಲು ಅಲ್ವಾ, ಹತ್ತಿರ ಇಟ್ಟರೆ ಕಷ್ಟ.

ಶಿಶು ಯೇಸುವನ್ನು ನೋಡಲು ಬಂದ ಮೂವರು ರಾಯರ ನೆನಪಿನ, ಜನವರಿ 6ರ ಮೂರು ರಾಯರ ಹಬ್ಬ ಮುಗಿಸಿ ಗೋದಲಿ ಬಿಚ್ಚುವಾಗ ನಾನೂ ಹೋಗಿದ್ದೆ. ಬಿಸಿಲು ಬೀಳುವ ಕಡೆಯ ಕಾಗದದ ನಕ್ಷತ್ರಗಳು ಬಿಳಿಚಿಕೊಂಡು ಕಂದಾಗಿದ್ದವು. ಬೆಳಕಿಗೂ ಈ ಬಣ್ಣ ತಾಳುವುದಿಲ್ಲ. ಮಾಡಿನ ಒಳಗೆ, ನೆರಳಲ್ಲಿ ತೂಗುತ್ತಿದ್ದ ಒಂದು ಮಾತ್ರ ಇನ್ನೂ ಕೆಂಪಗಿತ್ತು. ಟೀಚರ್ ಅದನ್ನು ಬಿಚ್ಚಿ ಮುರುಗಲ ಭರಣಿಯ ಮುಚ್ಚಳಕ್ಕೆ ಕಟ್ಟಿದರು.