ಅರಸನ ಸ್ವಂತ ಮನೆ ಯಾವುದು? ಬಾಲ್ಮೋರಲ್ ಮತ್ತು ನಾಲ್ಕುನಾಡು ಅರಮನೆ

ಕೊಡಗಿನ ಇತಿಹಾಸ ಓದುವವರಿಗೆ ಮಡಿಕೇರಿ ಕೋಟೆಯ ಅರಮನೆಯೂ ಕಕ್ಕಬ್ಬೆ ಹತ್ತಿರದ ನಾಲ್ಕುನಾಡು ಅರಮನೆಯೂ ಜೊತೆಜೊತೆಗೇ ಸಿಗುತ್ತವೆ. ಒಂದು ದರ್ಬಾರಿಗೆ, ಇನ್ನೊಂದು ಖಾಸಗಿ ಎಂದು ಬರೆದು ಮುಗಿಸುವವರೇ ಜಾಸ್ತಿ. ಅಷ್ಟು ಸಾಲದು. ಅಲ್ಲಿ ಯಾರು, ಹೇಗೆ ವಾಸ ಮಾಡುತ್ತಿದ್ದರು ಅನ್ನುವುದು ಒಂದು ಪ್ರಶ್ನೆ. ಆ ಮನೆ ಯಾರ ಆಸ್ತಿ ಅನ್ನುವುದು ಬೇರೆಯೇ ಪ್ರಶ್ನೆ. ಇವೆರಡನ್ನೂ ಕಲಸಿದರೆ ಉತ್ತರ ಕೆಡುತ್ತದೆ.

ಬ್ರಿಟನ್ನಿನ ಉದಾಹರಣೆಯಿಂದ ಇದು ಬೇಗ ಬಿಡಿಸಿಕೊಳ್ಳುತ್ತದೆ. ಬಕಿಂಗ್‌ಹ್ಯಾಮ್, ವಿಂಡ್ಸರ್ ಅರಮನೆಗಳಲ್ಲಿ ರಾಜಮನೆತನ ವಾಸ ಮಾಡುತ್ತದೆ, ಆದರೆ ಅವು ಸಿಂಹಾಸನಕ್ಕೆ ಸೇರಿದ ಆಸ್ತಿ. ಅರಸ ಅವನ್ನು ಮಾರುವಂತಿಲ್ಲ. ಸ್ಕಾಟ್ಲೆಂಡಿನ ಬಾಲ್ಮೋರಲ್, ಇಂಗ್ಲೆಂಡಿನ ಸ್ಯಾಂಡ್ರಿಂಗ್‌ಹ್ಯಾಮ್ ಮಾತ್ರ ಸ್ವಂತದ್ದು. ಬಾಲ್ಮೋರಲ್ಲನ್ನು 1852ರಲ್ಲಿ ಕೊಂಡದ್ದು ವಿಕ್ಟೋರಿಯಾ ರಾಣಿಯ ಗಂಡ ಆಲ್ಬರ್ಟ್. ಅವನು 1861ರಲ್ಲಿ ತೀರಿಕೊಂಡ ಮೇಲೆ ಅದು ರಾಣಿಗೆ ಬಂತು. ಡಿಸಿ ಬಂಗಲೆಗೂ ಡಿಸಿಯವರ ಊರಿನ ಮನೆಗೂ ಇರುವ ವ್ಯತ್ಯಾಸವೇ ಇಲ್ಲೂ ಇರುವುದು. ವರ್ಗವಾದರೆ ಬಂಗಲೆಯ ಬೀಗದ ಕೈ ಮುಂದಿನವರಿಗೆ ಹೋಗುತ್ತದೆ, ಊರಿನ ಮನೆ ಅವರದಾಗಿಯೇ ಉಳಿಯುತ್ತದೆ.

ಹಾಗಾಗಿ ನಾನು ಬಳಸುವ ಸುಲಭದ ಪರೀಕ್ಷೆ ಇದು: ಪಟ್ಟ ಬಿಟ್ಟರೆ ಮನೆ ಯಾರದು?

ಇದಕ್ಕೆ 1936ಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ನಿಧಾನವಾಗಿ ನೋಡಿ. ಜನವರಿಯಲ್ಲಿ ಐದನೇ ಜಾರ್ಜ್ ತೀರಿಕೊಂಡ. ಮಗ ಎಂಟನೇ ಎಡ್ವರ್ಡ್‌ಗೆ ಸಿಂಹಾಸನವೂ ಬಂತು, ಬಾಲ್ಮೋರಲ್, ಸ್ಯಾಂಡ್ರಿಂಗ್‌ಹ್ಯಾಮ್ ಎಸ್ಟೇಟುಗಳೂ ಬಂದವು. ಒಬ್ಬನೇ ಮನುಷ್ಯ, ಆದರೆ ಬಂದ ದಾರಿ ಎರಡು. ಸಿಂಹಾಸನ ಬಂದದ್ದು ಅರಸನಾಗಿ, ಎಸ್ಟೇಟು ಬಂದದ್ದು ಮಗನಾಗಿ. ಡಿಸೆಂಬರಿನಲ್ಲಿ ಅವನು ಪಟ್ಟ ಬಿಟ್ಟ. ಬಕಿಂಗ್‌ಹ್ಯಾಮ್, ವಿಂಡ್ಸರ್ ತಾವಾಗಿಯೇ ಅವನ ತಮ್ಮ ಆರನೇ ಜಾರ್ಜ್‌ಗೆ ಹೋದವು. ಎಸ್ಟೇಟುಗಳು ಹೋಗಲಿಲ್ಲ, ಯಾಕೆಂದರೆ ಮಗನಾಗಿ ಬಂದದ್ದನ್ನು ಅವನು ಬಿಟ್ಟುಕೊಟ್ಟಿರಲಿಲ್ಲ ಅಲ್ವಾ? ಹೊಸ ಅರಸ ಅವನ್ನು ಅಣ್ಣನಿಂದ ದುಡ್ಡು ಕೊಟ್ಟು ಕೊಳ್ಳಬೇಕಾಯಿತು.

ಈಗ ಇದೇ ಪರೀಕ್ಷೆಯನ್ನು ನಮ್ಮಲ್ಲಿಗೆ ತನ್ನಿ. ಟಿಪ್ಪುವಿನ ಸೆರೆಯಿಂದ 1788ರಲ್ಲಿ ತಪ್ಪಿಸಿಕೊಂಡು ಬಂದ ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ 1792ರಿಂದ 1794ರೊಳಗೆ ನಾಲ್ಕುನಾಡು ಅರಮನೆ ಕಟ್ಟಿಸಿದ. ತಡಿಯಂಡಮೋಳ್ ಬೆಟ್ಟದ ಬುಡ, ಸುತ್ತ ಕಾಡು. ಎರಡು ಅಂತಸ್ತು, ಕೆತ್ತನೆಯ ಮರದ ಕಂಬ, ಗೋಡೆ ಮೇಲೆ ಚಿತ್ರ. ಮುಂದಿನ ಪುಟ್ಟ ಮಂಟಪದಲ್ಲೇ 1796ರಲ್ಲಿ ಅವನಿಗೂ ಮಹದೇವಮ್ಮನಿಗೂ ಮದುವೆಯಾಯಿತು. ವಾಸದ ಲೆಕ್ಕದಲ್ಲಿ ಇದು ಖಾಸಗಿಯೇ.

ಆಸ್ತಿಯ ಲೆಕ್ಕದಲ್ಲಿ? 1834ರಲ್ಲಿ ಕೊಡಗಿನ ಕೊನೆಯ ಅರಸ ಚಿಕ್ಕ ವೀರರಾಜೇಂದ್ರ ಈಸ್ಟ್ ಇಂಡಿಯಾ ಕಂಪನಿಗೆ ಶರಣಾದ, ಅವನನ್ನು ಕಾಶಿಗೆ ಕಳಿಸಿದರು. ಮಡಿಕೇರಿಯೂ ಹೋಯಿತು, ನಾಲ್ಕುನಾಡೂ ಹೋಯಿತು. ಅರಸನದು ಇದು, ರಾಜ್ಯದ್ದು ಅದು ಎಂದು ಯಾರೂ ಬೇರೆ ಮಾಡಲಿಲ್ಲ. ಬೇರೆ ಮಾಡಲು ಅರಸನಿಗೂ ರಾಜ್ಯಕ್ಕೂ ಮೇಲೆ ನಿಲ್ಲುವ ಒಂದು ಕಾನೂನು ಬೇಕು. ಎಡ್ವರ್ಡ್‌ಗೆ ಅದಿತ್ತು, ಇವನಿಗಿರಲಿಲ್ಲ.

ಇದು ಸುಮ್ನೆ ನನ್ನ ಊಹೆಯಲ್ಲ. ಚಿಕ್ಕ ವೀರರಾಜೇಂದ್ರ 1852ರಲ್ಲಿ, ಅಂದರೆ ಬಾಲ್ಮೋರಲ್ ಕೊಂಡ ವರ್ಷವೇ, ಲಂಡನ್ನಿಗೆ ಹೋದ. ಕಂಪನಿ ವಶಪಡಿಸಿಕೊಂಡ ಸಾಲಪತ್ರಗಳ ಹಣ ತನಗೆ ಸೇರಬೇಕೆಂದು ಅಲ್ಲಿನ ಕೋರ್ಟಿನಲ್ಲಿ ದಾವೆ ಹೂಡಿದ. 1859ರಲ್ಲಿ ತೀರಿಕೊಂಡ. 1860ರಲ್ಲಿ ತೀರ್ಪು ಬಂತು: ಕಂಪನಿ ಆ ಪತ್ರಗಳನ್ನು ತೆಗೆದುಕೊಂಡದ್ದು ಆಳುವ ಅಧಿಕಾರದಿಂದ, ಅದನ್ನು ಪ್ರಶ್ನಿಸುವುದು ಈ ಕೋರ್ಟಿನ ವ್ಯಾಪ್ತಿಗೆ ಬರುವುದಿಲ್ಲ. ಅವನ ಮಗಳು ಗೌರಮ್ಮನ ದೀಕ್ಷಾಸ್ನಾನಕ್ಕೆ ಧರ್ಮಮಾತೆಯಾಗಿ ನಿಂತವಳು ಅದೇ ವಿಕ್ಟೋರಿಯಾ ರಾಣಿ. ಹಣ ಮಾತ್ರ ವಾಪಸ್ ಬರಲಿಲ್ಲ.