ಓದುಗರ ಪ್ರಶ್ನೆ: ಕೇಬಲ್ ತೆಗೆಸಿಬಿಡಲೇ?

ಪ್ರಶ್ನೆ: ನಮ್ಮ ಮನೆಯಲ್ಲಿ ಈಗ ಟಿ.ವಿ. ಹಾಕುವುದೇ ಕಡಿಮೆ. ಮಕ್ಕಳು ಎಲ್ಲವನ್ನೂ ಮೊಬೈಲಿನಲ್ಲೇ ನೋಡುತ್ತಾರೆ. ಬೀದಿಯಲ್ಲಿ ಎಷ್ಟೋ ಮನೆಯವರು ಕೇಬಲ್ ತೆಗೆಸಿದ್ದಾರೆ. ಗಿರಾಕಿ ಕಡಿಮೆಯಾದಾಗ ದರ ಇಳಿಯಬೇಕು, ಆದರೆ ಕೇಬಲ್‌ನವನು ಏರಿಸುತ್ತಲೇ ಇದ್ದಾನೆ. ಅವನಿಗೆ ಯಾಕೆ ದುಡ್ಡು ಸುರಿಯಬೇಕು? ಕೇಬಲ್ ತೆಗೆಸಿ ಓಟಿಟಿ ಹಾಕಿಸಿಕೊಂಡರೆ ಉಳಿತಾಯ ಆಗುತ್ತದೆಯೇ?

ಉತ್ತರ: ಈ ಪ್ರಶ್ನೆ ಬೇರೆ ಬೇರೆ ಊರುಗಳಿಂದ ಹೆಚ್ಚುಕಡಿಮೆ ಇದೇ ಮಾತುಗಳಲ್ಲಿ ಬರುತ್ತಲೇ ಇದೆ. ಉತ್ತರ ಚಿಕ್ಕದು. ಮಕ್ಕಳ ಓದಿಗೋ, ಮನೆಯಿಂದ ಮಾಡುವ ಕೆಲಸಕ್ಕೋ ನಿಮ್ಮ ಮನೆಗೆ ಈಗಾಗಲೇ ಫೈಬರ್ ಇಂಟರ್‌ನೆಟ್ ಬಂದಿದ್ದರೆ, ಕೇಬಲ್ ತೆಗೆಸಿದಾಗ ದುಡ್ಡು ಉಳಿಯುತ್ತದೆ. ಟಿ.ವಿ. ನೋಡುವುದಕ್ಕೆಂದೇ ಹೊಸದಾಗಿ ನೆಟ್ ಹಾಕಿಸುವುದಾದರೆ ಉಳಿಯುವುದಿಲ್ಲ. ಖರ್ಚು ಹೆಚ್ಚಾಗುವ ಸಾಧ್ಯತೆಯೇ ಜಾಸ್ತಿ.

ಪ್ರಶ್ನೆಯ ನಡುವೆ ನುಸುಳಿರುವ ಆ ಒಂದು ಮಾತನ್ನು ಮಾತ್ರ ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸಿಲ್ಲ. ‘ಕೇಬಲ್‌ನವನು ಏರಿಸುತ್ತಿದ್ದಾನೆ, ದುಡ್ಡೆಲ್ಲ ಅವನ ಜೇಬಿಗೆ.’ ಎಷ್ಟು ಸಲ ವಿವರಿಸಿದರೂ ಜನ ಇದನ್ನು ಬಿಡುತ್ತಿಲ್ಲ. ತಿಂಗಳ ಮೊದಲ ವಾರ ಮನೆ ಬಾಗಿಲಿಗೆ ಬರುವವನು ಅವನೊಬ್ಬನೇ. ಕೈಗೆ ಸಿಗುವವನ ಮೇಲೆ ಸಿಟ್ಟು ಬರುವುದು ಸಹಜ. ಆದರೆ ಲೆಕ್ಕ ಬೇರೆಯೇ ಇದೆ. ಈ ಸಲ ಪೈಸೆ ಪೈಸೆ ಬಿಡಿಸಿಯೇ ಹೇಳುತ್ತೇನೆ.

2019ರ ಫೆಬ್ರುವರಿಯಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಹೊಸ ದರ ಪದ್ಧತಿಯನ್ನು ಜಾರಿಗೆ ತಂದಿತು. ಅಂದಿನಿಂದ ನಿಮ್ಮ ಬಿಲ್ಲಿನಲ್ಲಿ ಎರಡು ಭಾಗ. ಒಂದು, ಸಂಪರ್ಕ ಕೊಟ್ಟಿದ್ದಕ್ಕೆ ‘ನೆಟ್‌ವರ್ಕ್ ಕೆಪಾಸಿಟಿ ಫೀ’. ಶುರುವಿನಲ್ಲಿ ನೂರು ಚಾನೆಲ್‌ಗಳಿಗೆ ಇದರ ಮಿತಿ 130 ರೂಪಾಯಿ, ಜಿಎಸ್‌ಟಿ ಸೇರಿದರೆ 153 ರೂಪಾಯಿ 40 ಪೈಸೆ. ಇನ್ನೊಂದು, ನೀವು ಆರಿಸಿಕೊಂಡ ಪೇ ಚಾನೆಲ್‌ಗಳ ಬೆಲೆ. ಈ ಬೆಲೆಯನ್ನು ನಿಗದಿ ಮಾಡುವವರು ಚಾನೆಲ್‌ನ ಕಂಪನಿಯವರು. ಕೇಬಲ್‌ನವನಿಗೆ ಅದರಲ್ಲಿ ಯಾವ ಮಾತೂ ಇಲ್ಲ.

ಒಂದು ಸಾಧಾರಣ ಬಿಲ್ ತೆಗೆದುಕೊಳ್ಳೋಣ. ಸಂಪರ್ಕಕ್ಕೆ 130, ಪೇ ಚಾನೆಲ್‌ಗಳಿಗೆ 120, ಒಟ್ಟು 250. ಅದರ ಮೇಲೆ ಶೇಕಡಾ 18ರ ಜಿಎಸ್‌ಟಿ 45. ನೀವು ಕೊಡುವುದು 295 ರೂಪಾಯಿ. ಈಗ ಹಂಚೋಣ. 45 ರೂಪಾಯಿ ಸರ್ಕಾರಕ್ಕೆ ಹೋಯಿತು. ಪೇ ಚಾನೆಲ್‌ನ 120ರಲ್ಲಿ ವಿತರಣೆಯವರಿಗೆ ಶೇಕಡಾ 20 ಬಿಟ್ಟು ಉಳಿದ 96 ರೂಪಾಯಿ ಚಾನೆಲ್‌ ಕಂಪನಿಗಳಿಗೆ. ವಿತರಣೆಯ ಪಾಲು 24, ಅದಕ್ಕೆ ಸಂಪರ್ಕದ 130 ಸೇರಿದರೆ 154. ಈ 154 ಕೂಡ ನಿಮ್ಮ ಬೀದಿಯ ಆಪರೇಟರ್‌ಗೆ ಪೂರ್ತಿ ಸಿಗುವುದಿಲ್ಲ. ಅವನ ಮೇಲೆ ಎಂಎಸ್‌ಒ ಇರುತ್ತದೆ. ಉಪಗ್ರಹದಿಂದ ಸಿಗ್ನಲ್ ಇಳಿಸಿ, ಒಟ್ಟುಗೂಡಿಸಿ, ಊರೂರಿಗೆ ಕಳಿಸುವ ದೊಡ್ಡ ಕಂಪನಿ ಅದು. ಇಬ್ಬರ ನಡುವೆ ಬೇರೆ ಒಪ್ಪಂದ ಇಲ್ಲದಿದ್ದರೆ ಹಂಚಿಕೆ 55:45. ಎಂಎಸ್‌ಒಗೆ 84 ರೂಪಾಯಿ 70 ಪೈಸೆ. ನಿಮ್ಮ ಬಾಗಿಲಿಗೆ ಬಂದು ನಿಂತವನಿಗೆ 69 ರೂಪಾಯಿ 30 ಪೈಸೆ.

295ರಲ್ಲಿ 69. ಕಂಬದಿಂದ ಕಂಬಕ್ಕೆ ಎಳೆದ ತಂತಿ, ಮಳೆಗಾಲದಲ್ಲಿ ಮರ ಬಿದ್ದು ಹರಿದದ್ದಕ್ಕೆ ರಿಪೇರಿ, ಸಿಡಿಲಿಗೆ ಸುಟ್ಟ ಆಂಪ್ಲಿಫೈಯರ್, ರಾತ್ರಿ ಎಂಟಕ್ಕೆ ‘ಧಾರಾವಾಹಿ ಬರ್ತಾ ಇಲ್ಲ’ ಎಂದು ಫೋನ್ ಬಂದಾಗ ಓಡಿ ಬರುವ ಹುಡುಗನ ಸಂಬಳ, ಎಲ್ಲವೂ ಇದರಲ್ಲೇ ಆಗಬೇಕು.

‘ಗಿರಾಕಿ ಕಡಿಮೆಯಾದರೆ ದರ ಇಳಿಯಬೇಕು’ ಎನ್ನುವ ತರ್ಕವೂ ಇಲ್ಲಿ ತಲೆಕೆಳಗು. ಬೀದಿಯಲ್ಲಿ ನೂರು ಮನೆಗೆ ಸಂಪರ್ಕವಿದ್ದಾಗ ಎಷ್ಟು ತಂತಿ ಬೇಕಿತ್ತೋ, ನಲವತ್ತು ಮನೆ ಉಳಿದಾಗಲೂ ಅಷ್ಟೇ ತಂತಿ ಬೇಕು. ಬಿಟ್ಟುಹೋದ ಅರವತ್ತು ಮನೆಗಳ ಭಾರ ಉಳಿದವರ ಮೇಲೆ ಬೀಳುತ್ತದೆ.

ಹಾಗಾದರೆ ಏರಿಸಿದ್ದು ಯಾರು? ಹಲವು ಚಾನೆಲ್‌ಗಳನ್ನು ಒಟ್ಟಿಗೆ ಕಟ್ಟಿ ಮಾರುವ ಪ್ಯಾಕ್‌ನಲ್ಲಿ ಸೇರಿಸುವ ಚಾನೆಲ್‌ನ ಬಿಡಿ ಬೆಲೆ 19 ರೂಪಾಯಿ ದಾಟಬಾರದು ಎಂದು ಮೊದಲು ನಿಯಮವಿತ್ತು. 2020ರ ಹೊಸ ಆದೇಶದಲ್ಲಿ ಅದನ್ನು 12ಕ್ಕೆ ಇಳಿಸಿದರು. ಚಾನೆಲ್‌ ಕಂಪನಿಗಳು ಕೋರ್ಟಿಗೆ ಹೋದವು. 2022ರ ನವೆಂಬರ್‌ನಲ್ಲಿ ಮಿತಿ ಮತ್ತೆ 19ಕ್ಕೆ ಬಂತು. 2023ರ ಫೆಬ್ರುವರಿಯಲ್ಲಿ ಚಾನೆಲ್‌ ಕಂಪನಿಗಳು ಏರಿಸಿದ ಹೊಸ ದರ ಜಾರಿಯಾದಾಗ ಅನೇಕ ಕೇಬಲ್ ಕಂಪನಿಗಳು ‘ಇಷ್ಟು ಏರಿಸಿದರೆ ಜನ ಬಿಟ್ಟುಹೋಗುತ್ತಾರೆ’ ಎಂದು ಒಪ್ಪಂದಕ್ಕೆ ಸಹಿ ಹಾಕಲಿಲ್ಲ. ಸ್ಟಾರ್, ಜೀ, ಸೋನಿ ಆ ಕಂಪನಿಗಳಿಗೆ ಸಿಗ್ನಲ್ ನಿಲ್ಲಿಸಿದವು. ಕೆಲವು ದಿನ ಚಾನೆಲ್‌ಗಳು ಮಾಯವಾಗಿದ್ದು ನಿಮಗೂ ನೆನಪಿರಬಹುದು. ಆಗಲೂ ಬೈಸಿಕೊಂಡವನು ಬೀದಿಯ ಆಪರೇಟರ್. ದರ ಏರಿಕೆಯ ವಿರುದ್ಧ ನಿಂತಿದ್ದ ಬಣದಲ್ಲಿ ಅವನಿದ್ದ ಎಂಬುದು ಯಾರ ಕಿವಿಗೂ ಬೀಳಲಿಲ್ಲ. ಮುಂದೆ 2024ರ ಜುಲೈಯಲ್ಲಿ ಟ್ರಾಯ್ ಸಂಪರ್ಕ ಶುಲ್ಕದ ಮಿತಿಯನ್ನೂ ತೆಗೆದುಹಾಕಿತು. ಆದ್ದರಿಂದ ನಿಮ್ಮೂರಿನ ಬಿಲ್ಲು ನಾನು ಕೊಟ್ಟ ಲೆಕ್ಕಕ್ಕಿಂತ ಸ್ವಲ್ಪ ಆಚೀಚೆ ಇರಬಹುದು. ಪಾಲು ಹಂಚುವ ರೀತಿ ಮಾತ್ರ ಇದೇ.

ಇನ್ನೂ ನಂಬಿಕೆ ಬರದಿದ್ದರೆ ಡಿಟಿಎಚ್ ಕಡೆ ನೋಡಿ. ಅಲ್ಲಿ ಬೀದಿಯ ಆಪರೇಟರ್ ಎಂಬುವನೇ ಇಲ್ಲ, ಕಂಪನಿಗೆ ನೀವೇ ನೇರ ರೀಚಾರ್ಜ್ ಮಾಡುತ್ತೀರಿ. ಅಲ್ಲಿಯ ಬಿಲ್ಲು ಇಳಿದಿದೆಯೇ? ಇಲ್ಲ. ಗಿರಾಕಿಗಳು ಉಳಿದಿದ್ದಾರೆಯೇ? ಅದೂ ಇಲ್ಲ. ಟ್ರಾಯ್ ಲೆಕ್ಕದಲ್ಲಿ ದುಡ್ಡು ಕೊಟ್ಟು ನೋಡುವ ಡಿಟಿಎಚ್ ಗಿರಾಕಿಗಳು 2024ರ ಮಾರ್ಚ್‌ನಲ್ಲಿ ಸುಮಾರು 6.2 ಕೋಟಿ, 2025ರ ಮಾರ್ಚ್‌ಗೆ ಸುಮಾರು 5.7 ಕೋಟಿ. ಒಂದೇ ವರ್ಷದಲ್ಲಿ ಅರ್ಧ ಕೋಟಿ ಮನೆಗಳು ಬಿಟ್ಟಿವೆ. ಕೇಬಲ್‌ನವನ ದುರಾಸೆಯೇ ಕಾರಣವಾಗಿದ್ದರೆ ಇವರೆಲ್ಲ ಯಾಕೆ ಬಿಟ್ಟರು?

ಈ ನಂಬಿಕೆ ಹುಟ್ಟಿದ್ದು ಎಲ್ಲಿಂದ ಎಂಬುದನ್ನೂ ಹೇಳಬೇಕು, ಏಕೆಂದರೆ ಅದು ಪೂರ್ತಿ ಸುಳ್ಳಿನಿಂದ ಹುಟ್ಟಿದ್ದಲ್ಲ. ಬಾಕ್ಸ್ ಇಲ್ಲದೆ ತಂತಿ ನೇರ ಟಿ.ವಿ.ಗೆ ಬರುತ್ತಿದ್ದ ಕಾಲದಲ್ಲಿ ಯಾವ ಬೀದಿಯಲ್ಲಿ ಎಷ್ಟು ಸಂಪರ್ಕವಿದೆ ಎಂದು ಆಪರೇಟರ್‌ಗೆ ಬಿಟ್ಟು ಯಾರಿಗೂ ತಿಳಿಯುತ್ತಿರಲಿಲ್ಲ. ಸಾವಿರ ಮನೆಯಿಂದ ವಸೂಲಿ ಮಾಡಿ ಮೇಲಿನವರಿಗೆ ಇನ್ನೂರರ ಲೆಕ್ಕ ತೋರಿಸುವವರು ಎಲ್ಲ ಕಡೆಯೂ ಇದ್ದರು. ಆ ಕಾಲಕ್ಕೆ ‘ದುಡ್ಡೆಲ್ಲ ಅವನಿಗೇ’ ಎಂಬ ಮಾತು ಬಹುಮಟ್ಟಿಗೆ ನಿಜ. ಅದನ್ನು ನಿಲ್ಲಿಸಲೆಂದೇ 2011ರಲ್ಲಿ ಕೇಬಲ್ ಕಾಯ್ದೆಗೆ ತಿದ್ದುಪಡಿ ತಂದು ಹಂತ ಹಂತವಾಗಿ ಸೆಟ್‌ಟಾಪ್ ಬಾಕ್ಸ್ ಕಡ್ಡಾಯ ಮಾಡಿದರು. ಬೆಂಗಳೂರು, ಮೈಸೂರು 2013ರ ಮಾರ್ಚ್ 31ರ ಗಡುವಿನ ಎರಡನೇ ಹಂತದಲ್ಲಿದ್ದವು. ಹಳ್ಳಿಗಳ ಕೊನೆಯ ಹಂತದ ಗಡುವು 2017ರ ಮಾರ್ಚ್‌ವರೆಗೆ ಹೋಯಿತು. ಬಾಕ್ಸ್ ಬಂದ ದಿನದಿಂದ ಪ್ರತಿ ಮನೆಯೂ ಎಂಎಸ್‌ಒ ಕಂಪ್ಯೂಟರಿನಲ್ಲಿ ಒಂದು ನಂಬರ್. ಮುಚ್ಚಿಡಲು ಏನೂ ಉಳಿಯಲಿಲ್ಲ. ವ್ಯವಸ್ಥೆ ಬದಲಾಗಿ ವರ್ಷಗಳೇ ಕಳೆದಿವೆ, ಬೈಗುಳ ಮಾತ್ರ ಹಳೆಯದೇ ಉಳಿದಿದೆ.

ಈಗ ಕೇಬಲ್ ಕುಸಿದಿದ್ದೇಕೆ ಎಂಬುದನ್ನು ಬೇಗ ಮುಗಿಸುತ್ತೇನೆ. ದುಬಾರಿ ವಿದೇಶಿ ಓಟಿಟಿಗಳಿಂದಲ್ಲ. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದು ಮೊಬೈಲ್ ಡೇಟಾ ಅಗ್ಗವಾಯಿತು, ಮನೆಮಂದಿಗೆಲ್ಲ ಒಂದು ಪರದೆ ಎಂಬುದು ಹೋಗಿ ತಲೆಗೊಂದು ಪರದೆ ಆಯಿತು. ಅದಕ್ಕಿಂತ ದೊಡ್ಡ ಪೆಟ್ಟು ಕೊಟ್ಟವರು ಚಾನೆಲ್‌ನವರೇ. ಕೇಬಲ್‌ನಲ್ಲಿ ದುಡ್ಡಿಗೆ ಮಾರಿದ ಧಾರಾವಾಹಿಯನ್ನೇ ತಮ್ಮ ಆ್ಯಪ್‌ನಲ್ಲೂ ಇಟ್ಟರು, ಕೆಲವೊಮ್ಮೆ ಟಿ.ವಿ.ಗಿಂತ ಮೊದಲೇ ಇಟ್ಟರು. 2023ರ ಐಪಿಎಲ್ ಜಿಯೊಸಿನಿಮಾದಲ್ಲಿ ಪುಕ್ಕಟೆ ಬಂತು. ಅದೇ ಪಂದ್ಯಕ್ಕೆ ಕೇಬಲ್ ಮನೆಯವರು ಸ್ಪೋರ್ಟ್ಸ್ ಚಾನೆಲ್‌ನ ದುಡ್ಡು ಕಟ್ಟಿದರು. ಉತ್ತರ ಭಾರತದಲ್ಲಿ ತಿಂಗಳ ಬಾಡಿಗೆಯಿಲ್ಲದ ಡಿಡಿ ಫ್ರೀ ಡಿಶ್ ಕೂಡ ಕೇಬಲ್‌ನ ಗಿರಾಕಿಗಳನ್ನು ಎಳೆದುಕೊಂಡಿತು. ದೇಶದಲ್ಲಿ ಅದು 4 ಕೋಟಿಗೂ ಹೆಚ್ಚು ಮನೆಗಳಲ್ಲಿದೆ. ನಮ್ಮಲ್ಲಿ ಅದರ ಹೊಡೆತ ಅಷ್ಟಾಗಿ ಬೀಳಲಿಲ್ಲ. ಅದರಲ್ಲಿ ಚಂದನ ಬರುತ್ತದೆ, ಜನಪ್ರಿಯ ಕನ್ನಡ ಮನರಂಜನಾ ಚಾನೆಲ್‌ಗಳು ಬರುವುದಿಲ್ಲ.

ಇನ್ನು ನಿಮ್ಮ ಜೇಬಿನ ವಿಷಯ. ಫೈಬರ್‌ನ ಅಗ್ಗದ ಪ್ಲಾನ್ ಸಾಮಾನ್ಯವಾಗಿ 399 ರೂಪಾಯಿ, ಜಿಎಸ್‌ಟಿ ಸೇರಿ 470ರ ಮೇಲೆ. ಅಲ್ಲಿಗೇ ಕೇಬಲ್ ಬಿಲ್ಲನ್ನು ದಾಟಿತು. ಅದರ ಮೇಲೆ ಆ್ಯಪ್‌ಗಳು. ಅಜ್ಜಿಗೆ ಜೀ ಕನ್ನಡದ ಒಂದು ಧಾರಾವಾಹಿ ಬೇಕು, ಅಮ್ಮನಿಗೆ ಕಲರ್ಸ್‌ನದು, ಚಿಕ್ಕಮ್ಮನಿಗೆ ಉದಯದ್ದು ಎಂದರೆ ಜೀ5, ಜಿಯೊಹಾಟ್‌ಸ್ಟಾರ್, ಸನ್ ನೆಕ್ಸ್ಟ್ ಮೂರೂ ಬೇಕು. ಮನೆಯ ಟಿ.ವಿ. ಸ್ಮಾರ್ಟ್ ಅಲ್ಲದಿದ್ದರೆ ಆ್ಯಪ್ ಓಡಿಸಲು ಅದಕ್ಕೊಂದು ಸ್ಟಿಕ್ ಬೇರೆ. ವಾರದಲ್ಲಿ ಎರಡು ದಿನವೂ ಟಿ.ವಿ. ಹಾಕದ ಮನೆ, ನೆಟ್ ಹೇಗೂ ಇದೆ ಎನ್ನುವವರು ನಿಶ್ಚಿಂತೆಯಿಂದ ತೆಗೆಸಿ. ಸಂಜೆ ಆರರಿಂದ ಹತ್ತರವರೆಗೆ ಧಾರಾವಾಹಿ ಓಡುವ ಮನೆಯಲ್ಲಿ ಕೇಬಲ್ ಇವತ್ತಿಗೂ ಅಗ್ಗ.

ತೆಗೆಸುವ ಮೊದಲು ಒಂದು ಕೆಲಸ ಮಾಡಿ. ಪ್ಯಾಕ್ ಬಿಟ್ಟು ಬಿಡಿ ಚಾನೆಲ್ ಕೇಳಿ. ಕೊಡುವುದು ಅವರ ಕರ್ತವ್ಯ, ಕೇಳುವುದು ನಿಮ್ಮ ಹಕ್ಕು. ಕನ್ನಡದ ಬಹುತೇಕ ಸುದ್ದಿ ವಾಹಿನಿಗಳು ಉಚಿತ ಚಾನೆಲ್‌ಗಳು, ಅವಕ್ಕೆ ಬೇರೆ ಬೆಲೆಯಿಲ್ಲ. ನಿಜವಾಗಿ ನೋಡುವ ನಾಲ್ಕೈದು ಪೇ ಚಾನೆಲ್ ಮಾತ್ರ ಇಟ್ಟುಕೊಂಡು, ಒಂದೇ ಚಾನೆಲ್‌ನ ಎಚ್‌ಡಿಯನ್ನೂ ಸಾದಾದನ್ನೂ ಎರಡೆರಡು ಇಟ್ಟುಕೊಂಡಿದ್ದರೆ ಒಂದನ್ನು ತೆಗೆಸಿದರೆ ಬಿಲ್ಲು ಕಣ್ಣಿಗೆ ಕಾಣುವಷ್ಟು ಇಳಿಯುತ್ತದೆ. ಮಕ್ಕಳ ಪರೀಕ್ಷೆಯ ಕಾಲಕ್ಕೆ ಬೇಡ ಎನಿಸಿದರೆ ತಾತ್ಕಾಲಿಕವಾಗಿ ನಿಲ್ಲಿಸಿ ಎಂದು ಕೇಳಲೂ ಅವಕಾಶವಿದೆ.

ಇಲ್ಲಿಗೆ ಕೇಳಿದ್ದಕ್ಕೆ ಉತ್ತರವಾಯಿತು. ಯಾರೂ ಕೇಳದ ಇನ್ನೊಂದು ಪ್ರಶ್ನೆ ನನ್ನ ಮನಸ್ಸಿನಲ್ಲಿದೆ. ಕೇಬಲ್ ಹೋದರೆ ಊರಿನ ಲೋಕಲ್ ಚಾನೆಲ್ ಏನಾಗುತ್ತದೆ?

ದೊಡ್ಡ ವಾಹಿನಿಗಳಿಗೆ ಆ್ಯಪ್ ಇದೆ, ಅವು ಉಳಿಯುತ್ತವೆ. ನಾನು ಹೇಳುತ್ತಿರುವುದು ತಾಲ್ಲೂಕಿಗೊಂದರಂತೆ ಇದ್ದ ಚಾನೆಲ್‌ಗಳ ಮಾತು. ಪುರಸಭೆ ಸಭೆಯಲ್ಲಿ ಯಾರು ಏನು ಹೇಳಿದರು, ನಾಳೆ ಯಾವ ವಾರ್ಡಿಗೆ ನೀರಿಲ್ಲ, ಶಾಲೆಯ ವಾರ್ಷಿಕೋತ್ಸವ, ಕೆಳಗೆ ಓಡುವ ಸಾಲಿನಲ್ಲಿ ‘ಮನೆ ಬಾಡಿಗೆಗಿದೆ’. ಕರಾವಳಿಯಲ್ಲಿ ಯಕ್ಷಗಾನ, ಕಂಬಳ, ಬ್ರಹ್ಮಕಲಶೋತ್ಸವಗಳ ನೇರ ಪ್ರಸಾರವನ್ನು ಮನೆಮನೆಗೆ ಮುಟ್ಟಿಸಿದ್ದು ಇಂಥ ಚಾನೆಲ್‌ಗಳೇ.

ಇವಕ್ಕೆ ಮೊದಲ ಪೆಟ್ಟು ಬಿದ್ದಿದ್ದು ಓಟಿಟಿಯಿಂದ ಅಲ್ಲ, ಅದೇ ಬಾಕ್ಸ್‌ನಿಂದ. ಹಿಂದೆ ಆಪರೇಟರ್ ತನ್ನ ಕಂಟ್ರೋಲ್ ರೂಮಿನಲ್ಲಿ ಒಂದು ಮಾಡ್ಯುಲೇಟರ್ ಇಟ್ಟು ತನ್ನ ಚಾನೆಲ್ಲನ್ನು ತಂತಿಗೆ ಸೇರಿಸಬಹುದಿತ್ತು. ಡಿಜಿಟಲ್ ಆದ ಮೇಲೆ ಸಿಗ್ನಲ್ ಎಂಎಸ್‌ಒದಿಂದಲೇ ಬೀಗ ಹಾಕಿಕೊಂಡು ಬರುತ್ತದೆ. ನಡುವೆ ಏನನ್ನೂ ಸೇರಿಸಲಾಗದು, ಮೇಲಿನವರ ಬಳಿ ಜಾಗ ಕೇಳಬೇಕು, ಅದಕ್ಕೆ ದುಡ್ಡು ಕಟ್ಟಬೇಕು. 2022ರ ನವೆಂಬರ್‌ನ ಕೇಂದ್ರ ಸರ್ಕಾರದ ಮಾರ್ಗಸೂಚಿ ಇಂಥ ಚಾನೆಲ್‌ಗಳನ್ನು ಎಂಎಸ್‌ಒ ಕೊಡಬಲ್ಲ ಒಟ್ಟು ಚಾನೆಲ್‌ಗಳ ಶೇಕಡಾ 5ಕ್ಕೆ ಮಿತಿಗೊಳಿಸಿತು. ಚಿಕ್ಕ ಊರಿನವರಿಗೆ ಅಲ್ಲಿ ಜಾಗ ಸಿಗುವುದೇ ಕಷ್ಟ.

ಯೂಟ್ಯೂಬ್ ಇದೆಯಲ್ಲ ಎನ್ನುತ್ತೀರಿ. ಹೌದು, ಜಾತ್ರೆ, ಯಕ್ಷಗಾನ ಈಗ ಅಲ್ಲಿ ಚೆನ್ನಾಗಿಯೇ ಬರುತ್ತವೆ, ದುಬೈಯಲ್ಲಿರುವ ಮಗನೂ ನೋಡುತ್ತಾನೆ. ಆದರೆ ಯೂಟ್ಯೂಬ್ ದುಡ್ಡು ಕೊಡುವುದು ನೋಡಿದ ತಲೆ ಲೆಕ್ಕಕ್ಕೆ. ಹತ್ತನೇ ವಾರ್ಡಿನ ಚರಂಡಿಯ ಸುದ್ದಿಯನ್ನು ಆ ವಾರ್ಡಿನವರಲ್ಲದೆ ಬೇರೆ ಯಾರು ನೋಡುತ್ತಾರೆ? ಕೇಬಲ್‌ನಲ್ಲಿ ಅದೇ ಸುದ್ದಿಯ ಖರ್ಚು ಇಡೀ ಊರಿನ ತಿಂಗಳ ವಂತಿಗೆಯಿಂದಲೂ, ಪೇಟೆಯ ಬಟ್ಟೆ ಅಂಗಡಿ, ಚಿನ್ನದ ಅಂಗಡಿಗಳ ಜಾಹೀರಾತಿನಿಂದಲೂ ಹುಟ್ಟುತ್ತಿತ್ತು. ಆ ಅಂಗಡಿಗಳು ಈಗ ಫೇಸ್‌ಬುಕ್‌ಗೆ ದುಡ್ಡು ಕಟ್ಟುತ್ತವೆ.

ನಿಮ್ಮ ಬೀದಿಗೆ ಫೈಬರ್ ಎಳೆದು ನೆಟ್ ಕೊಡುತ್ತಿರುವವನು ಅನೇಕ ಕಡೆ ಅದೇ ಹಳೆಯ ಕೇಬಲ್‌ನವನು. ಅವನ ತಂತಿಯಲ್ಲಿ ಊರಿನ ಚಾನೆಲ್ಲನ್ನು ಇಂಟರ್‌ನೆಟ್ ಮೂಲಕ ಮತ್ತೆ ಕೊಡಲು ತಾಂತ್ರಿಕ ಅಡ್ಡಿ ಏನೂ ಇಲ್ಲ. ಕ್ಯಾಮೆರಾ ಹಿಡಿದು ಪುರಸಭೆಗೆ ಹೋಗುವ ಒಬ್ಬ ಹುಡುಗನ ಸಂಬಳ ಎಲ್ಲಿಂದ ಬರಬೇಕು ಎಂಬುದೊಂದು ಬಗೆಹರಿಯಬೇಕು. ನಿಮ್ಮೂರಿನಲ್ಲಿ ಯಾರಾದರೂ ಬಗೆಹರಿಸಿದ್ದರೆ, ಬಿಲ್ಲಿನ ದೂರಿಗಿಂತ ಮೊದಲು ಅದನ್ನು ಬರೆದು ತಿಳಿಸಿ.